ಹೆದರಿಸುವ ವಿಡಿಯೋ ಗೇಮ್ ಸರಣಿ ರೆಸಿಡೆಂಟ್ ಈವಿಲ್ ಮತ್ತೆ ಮತ್ತೆ ಆಟದ ರೀತಿ ಬದಲಿಸಿದ್ದು ಸರಿಯೇ?

ಪರ: ಗೊತ್ತಿರುವ ದೆವ್ವಕ್ಕೆ ಯಾರು ಹೆದರುತ್ತಾರೆ?

ಹೆದರಿಕೆಗೆ ಆಯುಸ್ಸು ಕಡಿಮೆ. ಯಾವ ಕಿಟಕಿಯ ಗಾಜು ಒಡೆದು ನಾಯಿ ಹಾರುತ್ತದೆ ಎಂದು ತಿಳಿದ ಮೇಲೆ ಆಟಗಾರ ನಡುಗುವುದಿಲ್ಲ, ಗುಂಡಿನ ಲೆಕ್ಕ ಹಾಕುತ್ತಾನೆ. ಒಸಾಕಾದ ಕ್ಯಾಪ್‌ಕಾಮ್ ಕಂಪನಿ 1996ರಲ್ಲಿ ಪ್ಲೇಸ್ಟೇಷನ್‌ಗೆ ತಂದ ಮೊದಲ ಆಟದ ಸೂತ್ರಕ್ಕೂ ಇದೇ ಗತಿ ಬಂತು. ಕೋಣೆಯ ಮೂಲೆಯಲ್ಲಿ ನೆಟ್ಟ ಕ್ಯಾಮೆರಾ, ನಿಂತಲ್ಲೇ ತಿರುಗಿ ಆಮೇಲೆ ಹೆಜ್ಜೆ ಇಡುವ ಪಾತ್ರ, ಟೈಪ್‌ರೈಟರಿನ ಇಂಕ್ ರಿಬ್ಬನ್ ಸಿಕ್ಕರಷ್ಟೇ ಆಡಿದ್ದನ್ನು ಸೇವ್ ಮಾಡುವ ಅವಕಾಶ. ಎರಡು, ಮೂರು, ಕೋಡ್ ವೆರೋನಿಕಾ, ಝೀರೋ ಎಂದು ಸಾಗುವಷ್ಟರಲ್ಲಿ ಎಲ್ಲವೂ ಬಾಯಿಪಾಠವಾಗಿತ್ತು.

ಆ ಕ್ಯಾಮೆರಾವನ್ನು ಪೂಜಿಸುವವರಿಗೆ ಒಂದು ಮಾತು. ನಿರ್ದೇಶಕ ಶಿಂಜಿ ಮಿಕಾಮಿ ಶುರುವಿನಲ್ಲಿ ಯೋಚಿಸಿದ್ದು ಪಾತ್ರದ ಕಣ್ಣಿನಿಂದಲೇ ಎಲ್ಲ ಕಾಣುವ ಫಸ್ಟ್ ಪರ್ಸನ್ ಆಟವನ್ನೇ. ಆಟ ನಡೆಯುವ, ಅಷ್ಟು ವಿವರಗಳಿದ್ದ ಬಂಗಲೆಯನ್ನು ಆಡುವಾಗಲೇ 3ಡಿಯಲ್ಲಿ ಮೂಡಿಸುವುದು ಅಂದಿನ ಯಂತ್ರಕ್ಕೆ ಆಗದ ಕೆಲಸ. ಮೊದಲೇ ಸಿದ್ಧಪಡಿಸಿದ ಚಿತ್ರಗಳ ಮೇಲೆ ಪಾತ್ರಗಳನ್ನು ಓಡಾಡಿಸಿದರು. ಅನಿವಾರ್ಯವಾಗಿ ಬಂದದ್ದನ್ನು ಸರಣಿಯ ಆತ್ಮವೆಂದು ಯಾಕೆ ಕರೆಯಬೇಕು?

2005ರ ನಾಲ್ಕನೆಯ ಆಟದಲ್ಲಿ ಅದೇ ಮಿಕಾಮಿ ಕ್ಯಾಮೆರಾವನ್ನು ನಾಯಕ ಲಿಯಾನ್‌ನ ಹೆಗಲ ಹಿಂದೆ ತಂದರು. ಸ್ಪೇನಿನ ಆ ಹಳ್ಳಿಗೆ ಕಾಲಿಟ್ಟವರಿಗೆ ಗೊತ್ತು, ಶತ್ರು ಈಗ ತೂರಾಡುತ್ತಾ ಬರುವ ಹೆಣವಲ್ಲ. ಏಣಿ ಹಾಕಿ ಮಾಳಿಗೆ ಹತ್ತುತ್ತಾರೆ, ಕೊಡಲಿ ಎಸೆಯುತ್ತಾರೆ, ಹಿಂದೆಲ್ಲೋ ಚೈನ್‌ಸಾ ಗುರುಗುಟ್ಟುತ್ತದೆ. ಗುರಿ ಹಿಡಿದರೆ ಕಾಲು ಕದಲಿಸುವಂತಿಲ್ಲ. ಕತ್ತಲ ಭಯ ಹೋಗಿ ಗುಂಪಿನ ಭಯ ಬಂತು. ಡೆಡ್ ಸ್ಪೇಸ್‌ನಂಥ ಆಟಗಳು ಇಲ್ಲಿಂದಲೇ ಕಲಿತವು.

ಐದು, ಆರು ಅತಿಯಾದವು, ಒಪ್ಪೋಣ. ಆದರೆ ಅಲ್ಲಿಂದ ಹೊರಬರಲು ನೆರವಾದದ್ದೂ ಬದಲಾವಣೆಯೇ. 2017ರ ಏಳನೆಯ ಆಟ ನಮ್ಮನ್ನು ನಾಯಕ ಈಥನ್‌ನ ಕಣ್ಣೊಳಗೆ ಕೂರಿಸಿ ಲೂಸಿಯಾನಾದ ಬೇಕರ್ ಕುಟುಂಬದ ಮನೆಗೆ ತಳ್ಳಿತು. ಎಣಿಕೆಯ ಗುಂಡು, ಬೀಗ ಹಾಕಿದ ಬಾಗಿಲು, ಉಸಿರು ಬಿಡಲು ಒಂದು ಸೇವ್ ಕೋಣೆ: 1996ರ ಎಲುಬುಗಳೆಲ್ಲ ಅಲ್ಲೇ ಇದ್ದವು, ನೋಟವಷ್ಟೇ ಹೊಸದು.

ವಿರೋಧ: ಬದಲಿಸಬೇಕಾದದ್ದು ಅದಲ್ಲ

ಹಳೆಯ ಸೂತ್ರ ಸವೆದಿತ್ತು ಎಂಬ ವಾದಕ್ಕೆ ಉತ್ತರ ಸರಣಿಯೊಳಗೇ ಇದೆ. 2002ರಲ್ಲಿ ಮಿಕಾಮಿ ಮೊದಲ ಆಟವನ್ನೇ ನಿಂಟೆಂಡೊ ಯಂತ್ರ ಗೇಮ್‌ಕ್ಯೂಬ್‌ಗೆ ಹೊಸದಾಗಿ ಕಟ್ಟಿದರು. ಅದೇ ನೆಟ್ಟ ಕ್ಯಾಮೆರಾ, ಅದೇ ಬಂಗಲೆ. ಸೇರಿಸಿದ ಒಂದು ನಿಯಮ ಸಾಕಾಯಿತು: ಕೊಂದ ಜಾಂಬಿಯ ತಲೆ ಹಾರಿಸದೆ, ಸೀಮೆಎಣ್ಣೆ ಸುರಿದು ಸುಡದೆ ಬಿಟ್ಟರೆ, ಅದು ಕೆಂಪು ತಲೆಯೊಂದಿಗೆ ಎದ್ದು ಬರುತ್ತದೆ, ಈ ಸಲ ಓಡುತ್ತಾ. ಎಣ್ಣೆ ಎಲ್ಲದಕ್ಕೂ ಸಾಲದು. ನಾನೇ ಬೀಳಿಸಿದ ಹೆಣವಿರುವ ಹಜಾರವನ್ನು ಮತ್ತೆ ದಾಟುವಾಗ ಆಗುವ ಹಿಂಜರಿಕೆ ಇದೆಯಲ್ಲ, ಅಷ್ಟು ಹೆದರಿಕೆಯನ್ನು ಆಮೇಲಿನ ಯಾವ ಆಟವೂ ನನಗೆ ಕೊಟ್ಟಿಲ್ಲ. ಆಟದ ರೀತಿ ಹಾಗೇ ಇತ್ತು, ಭಯ ಹೊಸದಾಯಿತು.

ಕ್ಯಾಮೆರಾ ಅನಿವಾರ್ಯದಿಂದ ಬಂದಿತೆಂಬುದು ನಿಜವೇ ಇರಲಿ; ಅದು ಮಾಡಿದ ಕೆಲಸ ನೋಡಿ. ತಿರುವಿನಾಚೆ ನರಳಾಟ ಕೇಳುತ್ತದೆ, ಕಾಣುವುದಿಲ್ಲ. ನಾಯಕಿ ಜಿಲ್ ಮುಂದೆ ಹೆಜ್ಜೆ ಇಟ್ಟರೆ ಮಾತ್ರ ಕೋನ ಬದಲಾಗುತ್ತದೆ. ಆ ಒಂದು ಹೆಜ್ಜೆಯಲ್ಲಿತ್ತು ಆಟದ ಪ್ರಾಣ.

ನಾಲ್ಕನೆಯದು ಅದ್ಭುತ ಆಟ, ನಾನೂ ಮನಸಾರೆ ಆಡಿದವನು. ಆದರೆ ಹೆಗಲ ಹಿಂದಿನ ಕ್ಯಾಮೆರಾ ಗುರಿಯನ್ನು ಸಲೀಸು ಮಾಡಿತು. ಗುರಿ ಸಲೀಸಾದರೆ ಶತ್ರುಗಳು ಹೆಚ್ಚಬೇಕು, ಅವರು ಹೆಚ್ಚಿದರೆ ಗುಂಡೂ ಸುರಿಯಬೇಕು, ಬಂದೂಕು ಉತ್ತಮಪಡಿಸಲು ವ್ಯಾಪಾರಿ ಬೇಕು. ಮಂಡಿಗೆ ಗುಂಡು ಹೊಡೆದು ಒದೆಯುವ ಲಿಯಾನ್‌ನಿಂದ, 2009ರಲ್ಲಿ ಜ್ವಾಲಾಮುಖಿಯ ಪಕ್ಕ ಬಂಡೆಗೆ ಗುದ್ದುವ ನಾಯಕ ಕ್ರಿಸ್‌ಗೆ ದೂರವೇನಿಲ್ಲ. ಆ ಐದನೆಯ ಆಟದಲ್ಲಿ ಜೊತೆಗಾರ್ತಿ ಶೇವಾ ಸದಾ ಪಕ್ಕದಲ್ಲೇ, ಹಾಗಾಗಿ ಒಂಟಿತನವೂ ಹೋಯಿತು. 2012ರ ಆರನೆಯದಕ್ಕೆ ನಾಲ್ಕು ಕಥೆ, ಲೆಕ್ಕವಿಲ್ಲದಷ್ಟು ಸ್ಫೋಟ. ಮಾರಾಟ ಕ್ಯಾಪ್‌ಕಾಮ್ ನಿರೀಕ್ಷೆಯನ್ನೇ ಮುಟ್ಟಲಿಲ್ಲ. ಇವನ್ನು ‘ಅತಿಯಾದವು’ ಎಂದು ಬದಿಗೆ ಸರಿಸುವಂತಿಲ್ಲ, 2005ರ ತಿರುವಿನ ಫಲವೇ ಇವು. ಏಳನೆಯದು ಸರಿಪಡಿಸಿದ್ದು ಬದಲಾವಣೆಯೇ ತಂದ ರೋಗವನ್ನು.

ಇನ್ನು ಇತ್ತೀಚಿನ ಓಲಾಟ. 2019ರ ಎರಡನೆಯ ಆಟದ ರೀಮೇಕ್ ಹೆಗಲ ಹಿಂದೆ, 2021ರ ವಿಲೇಜ್ ಕಣ್ಣೊಳಗೆ. ಮರುವರ್ಷ ಅದಕ್ಕೂ ಪಾತ್ರವನ್ನು ಹೊರಗಿನಿಂದ ತೋರಿಸುವ ಥರ್ಡ್ ಪರ್ಸನ್ ನೋಟ ಜೋಡಿಸಿದರು. 2026ರ ರೆಕ್ವಿಯಮ್‌ನಲ್ಲಿ ನೋಟವನ್ನು ಆಟಗಾರನೇ ಆರಿಸಬಹುದು. ಉದಾರತೆಯೇನೋ ಸರಿ. ಆದರೆ ಹೆಗಲ ಹಿಂದಿನ ಕ್ಯಾಮೆರಾ ಗೋಡೆಯಾಚೆ ಇಣುಕಬಲ್ಲದು, ಕಣ್ಣೊಳಗಿನದಕ್ಕೆ ಅದು ಸಾಧ್ಯವಿಲ್ಲ. ಎರಡಕ್ಕೂ ಒಂದೇ ಹಜಾರ ಕಟ್ಟುವವರು ಏನನ್ನು ಮರೆಮಾಡಬೇಕೆಂದು ಹೇಗೆ ತೀರ್ಮಾನಿಸುತ್ತಾರೆ?

ಝೀರೋ ನಂತರ ಮುಖ್ಯ ಸರಣಿಯ ಯಾವ ಹೊಸ ಆಟಕ್ಕೂ ನೆಟ್ಟ ಕ್ಯಾಮೆರಾ ಬರಲಿಲ್ಲ. ಕಾಲ ಮುಗಿದಿತ್ತು ಎನ್ನುವವರು 2021ರ ಟಾರ್ಮೆಂಟೆಡ್ ಸೋಲ್ಸ್ ಆಡಿ ನೋಡಲಿ. ಹಳೆಯ ಬಂಗಲೆ, ನೆಟ್ಟ ಕೋನಗಳು, ಸೇವ್‌ಗೆ ಬೇಕಾದ ಟೇಪು, ಎಲ್ಲವೂ ಅದರಲ್ಲಿವೆ. ಮಾಡಿದ್ದು ಕ್ಯಾಪ್‌ಕಾಮ್ ಅಲ್ಲ, ಚಿಲಿ ದೇಶದ ಚಿಕ್ಕ ತಂಡ.