ಸಹಜ ಚಿತ್ರಗಳ ಸಂಗ್ರಹ ಮೊದಲು ಬೇಕು

ನ್ಯೂಕ್ಲಿಯರ್ ಮೆಡಿಸಿನ್ ಸ್ಕ್ಯಾನ್ (ದೇಹಕ್ಕೆ ಅಲ್ಪ ವಿಕಿರಣ ಸೂಸುವ ಔಷಧ ಕೊಟ್ಟು, ಅದು ಎಲ್ಲೆಲ್ಲಿ ಸೇರಿದೆಯೆಂದು ತೋರಿಸುವ ಚಿತ್ರ) ಓದಲು ಕಲಿಯುವ ವೈದ್ಯರಿಗೆ ಅಪರೂಪದ ಕಾಯಿಲೆಗಳ ಚಿತ್ರಸಂಪುಟಗಳೇ ಉತ್ತಮ ಅಧ್ಯಯನ ಸಾಮಗ್ರಿ ಎಂದು, ಇಂತಹ ಸಾಮಗ್ರಿಗಳ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಹೇಳಿದ ಮಾತನ್ನು ಪೂರ್ತಿಯಾಗಿ ಒಪ್ಪಲಾರೆ. ದಾವಣಗೆರೆಯಲ್ಲಿ ರೇಡಿಯಾಲಜಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪಾಠ ಹೇಳುವ ನಾನು ಕಂಡಂತೆ, ಅವರು ಹೆಚ್ಚಾಗಿ ಎಡವುವುದು ಸಹಜವಾದುದನ್ನು ರೋಗವೆಂದು ಭಾವಿಸುವಲ್ಲಿ. ಮೂಳೆಯ ಸ್ಕ್ಯಾನನ್ನೇ ತೆಗೆದುಕೊಳ್ಳಿ: ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ಧಾತು ಬೆರೆಸಿದ ಔಷಧ ಮೂತ್ರದ ಮೂಲಕ ಹೊರಹೋಗುವುದರಿಂದ, ಪಂಚೆಗೋ ಸೀರೆಗೋ ತಗುಲಿದ ಒಂದು ಹನಿಯೂ ತೊಡೆಮೂಳೆಯ ಮೇಲೆ ಕಪ್ಪು ಚುಕ್ಕೆಯಾಗಿ ಮೂಡಿ, ಕ್ಯಾನ್ಸರ್ ಹರಡಿರಬಹುದೆಂಬ ಅನುಮಾನ ಹುಟ್ಟಿಸುತ್ತದೆ, ಬಟ್ಟೆ ಬದಲಿಸಿ, ಚರ್ಮ ತೊಳೆಸಿ ಮತ್ತೊಮ್ಮೆ ಚಿತ್ರ ತೆಗೆದರೆ ಅದು ಮಾಯವಾಗಿರುತ್ತದೆ. ಈ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಪುಸ್ತಕಗಳು ಬೇಕು. ರೋಗ ಮೂಳೆಗಳಲ್ಲೆಲ್ಲ ವ್ಯಾಪಿಸಿದಾಗ ಮೂಡುವ ‘ಸೂಪರ್‌ಸ್ಕ್ಯಾನ್’ ಎಂಬ ಚಿತ್ರದ್ದು ಇದಕ್ಕೆ ತದ್ವಿರುದ್ಧ ಸಮಸ್ಯೆ, ಅಲ್ಲಿ ರೋಗವೇ ಸಹಜವೆನಿಸುತ್ತದೆ. ಅಸ್ಥಿಪಂಜರವೆಲ್ಲ ಒಂದೇ ಸಮನೆ ಗಾಢವಾಗಿ, ಮೊದಲ ನೋಟಕ್ಕೆ ಬಹಳ ಚೆನ್ನಾಗಿ ಬಂದ ಚಿತ್ರದಂತೆ ಕಾಣುತ್ತದೆ, ಆದರೆ ಮೂತ್ರಪಿಂಡಗಳು ಕಾಣುವುದೇ ಇಲ್ಲ ಎನ್ನುವಷ್ಟು ಮಸುಕಾಗಿರುತ್ತವೆ.

ವಿಕಿರಣ ಸೂಸುವ ಸಕ್ಕರೆಯಂಥ ಔಷಧವನ್ನು ಹೆಚ್ಚು ಹೀರುವ ಭಾಗಗಳು ಹೊಳೆಯುವ ಪೆಟ್ ಸ್ಕ್ಯಾನ್‌ನಲ್ಲೂ ಮೆಟ್‌ಫಾರ್ಮಿನ್ ಸೇವಿಸುವ ಮಧುಮೇಹಿಯ ಕರುಳು, ಚಳಿಯಲ್ಲಿ ಕುಳಿತವರ ಕುತ್ತಿಗೆಯಲ್ಲಿ ಮೈ ಬೆಚ್ಚಗಿಡಲು ಕೆಲಸ ಮಾಡುವ ಕಂದು ಕೊಬ್ಬು, ಇಂಜೆಕ್ಷನ್ ನಂತರ ಮಾತನಾಡುತ್ತಲೇ ಇದ್ದವರ ಧ್ವನಿಪೆಟ್ಟಿಗೆ ಯಾವ ರೋಗವಿಲ್ಲದೆಯೂ ಹೊಳೆಯಬಹುದು. ಆದ್ದರಿಂದ ಪ್ರತಿ ಪ್ರಕರಣದ ಜೊತೆಗೆ ರೋಗಿಯ ಔಷಧಗಳು, ರಕ್ತದ ಸಕ್ಕರೆ ಪ್ರಮಾಣ, ಲಭ್ಯವಿದ್ದರೆ ಬಯಾಪ್ಸಿ ವರದಿ ಇರಲೇಬೇಕು. ಲೇಖಕರು ಹೊಗಳಿರುವ ಮೊಬೈಲ್ ಆ್ಯಪ್‌ಗಳು ಆಯ್ದ ಒಂದೇ ಚಿತ್ರ ತೋರಿಸಿ ರೋಗ ಯಾವುದೆಂದು ಕೇಳುತ್ತವೆ. ಪರೀಕ್ಷೆಯ ಮಟ್ಟಿಗೆ ಅದು ಸಾಕಾದೀತು. ಇಡೀ ದೇಹದ ಚಿತ್ರಸರಣಿಯನ್ನು ವಿದ್ಯಾರ್ಥಿಯೇ ಸರಿಸಿ ನೋಡಿ, ಮೊದಲು ತನ್ನ ವರದಿ ಬರೆದು, ಆನಂತರ ಹಿರಿಯರ ವರದಿಯೊಂದಿಗೆ ಹೋಲಿಸಿಕೊಳ್ಳುವಂತಹ ಸಂಗ್ರಹಗಳ ಬಗ್ಗೆಯೂ ಲೇಖಕರು ಬರೆಯಬೇಕೆಂದು ಕೋರುತ್ತೇನೆ.