ಇದನ್ನ ಅಪ್ಪೆಮಿಡಿ ಅಂತ ಮಾರೋಕೆ ಮನಸ್ಸಾದರೂ ಹೇಗೆ ಬರುತ್ತೆ?

ಮೈಯೆಲ್ಲ ಉರಿಯುತ್ತಿದೆ. ಮೊನ್ನೆ ಬೆಂಗಳೂರಿನ ನಮ್ಮ ಏರಿಯಾದ ಕಾಂಡಿಮೆಂಟ್ಸ್ ಅಂಗಡಿಯಲ್ಲಿ 'ಮಲೆನಾಡಿನ ಅಪ್ಪೆಮಿಡಿ' ಅಂತ ದೊಡ್ಡದಾಗಿ ಬರೆದಿದ್ದ ಮಾವಿನ ಮಿಡಿ ಉಪ್ಪಿನಕಾಯಿ ಬಾಟಲಿ ತಗೊಂಡೆ. ಅರ್ಧ ಕೆಜಿಗೆ 390 ರೂಪಾಯಿ. ಅಪ್ಪನಿಗೆ ಜ್ವರ ಬಿಟ್ಟರೂ ನಾಲಿಗೆಗೆ ರುಚಿ ಬಂದಿರಲಿಲ್ಲ, ಮೊಸರನ್ನಕ್ಕೆ ಒಂದು ಮಿಡಿ ಇದ್ದಿದ್ದರೆ ಅಂದರು, ಅದಕ್ಕೇ ಬೆಲೆ ನೋಡದೆ ತಂದೆ.

ಮುಚ್ಚಳ ತೆಗೆದರೆ ವಿನೆಗರ್ ವಾಸನೆ ಮೂಗಿಗೆ ಹೊಡೆಯಿತು. ಸೊನೆಯ ಪರಿಮಳ ಇಲ್ಲವೇ ಇಲ್ಲ. ಒಂದಕ್ಕೂ ತೊಟ್ಟಿಲ್ಲ. ಅಪ್ಪ ಆಸೆಯಿಂದ ಕಚ್ಚಿದರು, ಒಳಗೆ ಗೊರಟು ಕಲ್ಲಿನ ಹಾಗೆ! ಅದನ್ನು ತಟ್ಟೆಯ ಅಂಚಿಗೆ ಸರಿಸಿ, ಏನೂ ಮಾತಾಡದೆ ಬರೀ ಮೊಸರನ್ನ ತಿಂದು ಎದ್ದರು.

ಅಂಗಡಿಯವರನ್ನು ಕೇಳಿದರೆ "ಚಿಕ್ಕ ಮಾವಿನಕಾಯಿ ಅಂದ್ರೆ ಮಿಡಿನೇ ಅಲ್ವಾ ಸರ್" ಅಂತಾರೆ. ಅಲ್ಲ ಸ್ವಾಮಿ! ಅಪ್ಪೆ ಅನ್ನೋದು ಬೇರೆಯೇ ಜಾತಿ. ಸಾಗರ, ಹೊಸನಗರ, ಶಿರಸಿ, ಸಿದ್ದಾಪುರದ ಕಡೆ ಹೊಳೆದಂಡೆಯಲ್ಲಿ ತಾನಾಗಿ ಬೆಳೆದ ಮರ. ಗೊರಟು ಬಲಿಯುವ ಮೊದಲೇ ಕೊಯ್ಯಬೇಕು, ಅದೂ ತೊಟ್ಟಿನ ಸಮೇತ, ತೊಟ್ಟು ಮುರಿದರೆ ಸೊನೆ ಸೋರಿ ಪರಿಮಳವೂ ಹೋಯಿತು ಅಂತಲೇ ಲೆಕ್ಕ. ಕೆಳಗೆ ಬಿದ್ದು ಪೆಟ್ಟಾದ ಮಿಡಿ ಉಳಿಯಲ್ಲ, ಅದಕ್ಕೆ ಮರ ಹತ್ತಿದವರು ಚೀಲಕ್ಕೆ ತುಂಬಿ ಹಗ್ಗದಲ್ಲಿ ಇಳಿಸುತ್ತಾರೆ. ಅಮ್ಮ ಬರೀ ಕಲ್ಲುಪ್ಪು ಹಾಕಿ ಇಡುತ್ತಿದ್ದರು. ಮಿಡಿ ನೀರು ಬಿಟ್ಟು ಚಿರುಟಿಕೊಂಡ ಮೇಲೆ ಅದೇ ಉಪ್ಪುನೀರು ಕಾಯಿಸಿ, ಆರಿಸಿ, ಸಾಸಿವೆ ಮೆಣಸು ರುಬ್ಬಿ ಬೆರೆಸೋದು. ಎಣ್ಣೆ ಇಲ್ಲ, ವಿನೆಗರ್ ಇಲ್ಲ, ಎರಡು ವರ್ಷ ಕಳೆದರೂ ಜಾಡಿ ತೆಗೆದರೆ ಮನೆಯೆಲ್ಲ ಘಮ ಘಮ.

ಈ ಬಾಟಲಿಯ ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ಏನಿದೆ ಗೊತ್ತಾ? ಮಾವಿನಕಾಯಿ, ಉಪ್ಪು, ಎಣ್ಣೆ, 260, 211. ಅಂದರೆ ಅಸಿಟಿಕ್ ಆಮ್ಲ, ಸೋಡಿಯಂ ಬೆಂಜೊಯೇಟ್. ಅಪ್ಪೆ ಅನ್ನೋ ಪದ ಅಲ್ಲಿ ಇಲ್ಲವೇ ಇಲ್ಲ, ಮುಂದೆ ಮಾತ್ರ! ಜಿಐ ಟ್ಯಾಗ್, ಅಂದರೆ ಆ ಸೀಮೆಯದ್ದೇ ಬೆಳೆ ಅನ್ನೋ ಸರ್ಕಾರಿ ಗುರುತು, ಸಿಕ್ಕಿರುವ ಕಾಯಿ ಇದು, ಸುಮ್ನೆ ಯಾವುದೋ ಕಾಯಿಗೆ ಆ ಹೆಸರು ಅಂಟಿಸುವ ಹಾಗಿಲ್ಲ.

ಒಳ್ಳೆ ಮಿಡಿಗೆ ರೇಟು ಜಾಸ್ತಿ ಅಂತ ನನಗೂ ಗೊತ್ತು, ಅಷ್ಟೆತ್ತರದ ಮರ ಹತ್ತೋರೇ ಸಿಗಲ್ಲ. ಆ ದುಡ್ಡು ಹತ್ತಿದವರಿಗೆ ಹೋಗಲಿ, ಕೊಡ್ತೀನಿ. ಸಾದಾ ಮಾವಿನಕಾಯಿ ಉಪ್ಪಿನಕಾಯಿ ಅಂತ ಬರೆದು ಮಾರಿದರೂ ಬೇಜಾರಿಲ್ಲ. ಆ ಹೆಸರು ಯಾಕೆ ಹಾಕ್ತೀರಿ?

ಬಿಲ್ ಸಮೇತ ವಾಪಸ್ ಕೊಡೋಕೆ ಹೋದರೆ, ಮುಚ್ಚಳ ತೆಗೆದದ್ದು ತಗೊಳ್ಳಲ್ಲ ಅಂದರು. ಮುಚ್ಚಳ ತೆಗೆಯದೆ ಅಪ್ಪೆ ಹೌದೋ ಅಲ್ಲವೋ ಅಂತ ಹೇಗ್ರೀ ಗೊತ್ತಾಗೋದು?

ಸಾಗರದ ಕಡೆಯಿಂದ ಈ ವಾರ ಬೆಂಗಳೂರಿಗೆ ಬರೋರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಮನೆಯಲ್ಲಿ ಹಾಕಿದ್ದು, ಕಾಲು ಕೆಜಿ ಇದ್ದರೂ ಸಾಕು.