ಆಡಿಟ್ ಕೆಂಪಾದಾಗಲೆಲ್ಲ ಬಿಲ್ಡ್ ಟೂಲ್ ಅಪ್‌ಡೇಟ್ ಮಾಡಬೇಕೇ?

ಪರ: ಇವತ್ತೇ ಮಾಡಿ

ಮಾಡಬೇಕು. ನಾಳೆ ಮಾಡೋಣ ಎಂದವರ ಪೈಕಿ ನಾನೂ ಒಬ್ಬ, ಅದಕ್ಕೇ ಹೇಳುತ್ತಿದ್ದೇನೆ. ಬರೆದ ಕೋಡನ್ನು ಸೈಟಿಗೆ ಏರಿಸಲು ಸಿದ್ಧ ಮಾಡುವುದು ಬಿಲ್ಡ್, ಅದನ್ನು ಮಾಡಿಕೊಡುವುದು ಬಿಲ್ಡ್ ಟೂಲ್. ನಾವು ಬಳಸುವ ಪ್ಯಾಕೇಜ್‌ಗಳಲ್ಲಿ, ಅಂದರೆ ಬೇರೆಯವರು ಬರೆದ ಕೋಡ್ ಕಟ್ಟುಗಳಲ್ಲಿ, ಗೊತ್ತಾದ ಸುರಕ್ಷತಾ ಲೋಪವಿದ್ದರೆ ಕೆಂಪಾಗಿ ತೋರಿಸುವುದು ಆಡಿಟ್.

2016ರಲ್ಲಿ ಹುಬ್ಬಳ್ಳಿಯ ಒಂದು ಸೀರೆ ಅಂಗಡಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಬಿಲ್ಡ್‌ಗೆ ಗಲ್ಪ್ ಎಂಬ ಟೂಲ್‌ನ 3ನೇ ಆವೃತ್ತಿ. 2018ರ ಕೊನೆಗೆ ಗಲ್ಪ್ 4 ಬಂತು. ಟಾಸ್ಕ್ ಬರೆಯುವ ರೀತಿ ಬದಲಾಗಿತ್ತು, ಒಂದು ಸಂಜೆ ಕೂತಿದ್ದರೆ ಮುಗಿಯುತ್ತಿತ್ತು. ‘ಓಡ್ತಾ ಇದೆ, ಮುಟ್ಟೋದ್ಯಾಕೆ’ ಎಂದು ಬಿಟ್ಟೆ. ಎನ್‌ಪಿಎಂ (ಪ್ಯಾಕೇಜ್ ತರಿಸಿಕೊಡುವ ಸಾಧನ) ಆಡಿಟ್ ಓಡಿಸಿದಾಗಲೆಲ್ಲ ಪರದೆ ತುಂಬ ಕೆಂಪು ಸಾಲು. ಟರ್ಮಿನಲ್ ಕ್ಲಿಯರ್ ಮಾಡಿ ಟೀ ಕುಡಿಯಲು ಹೋಗುತ್ತಿದ್ದೆ.

2019ರ ದಸರಾ ಹಿಂದಿನ ವಾರ ಲ್ಯಾಪ್‌ಟಾಪ್ ಕೆಟ್ಟಿತು. ಹೊಸದರಲ್ಲಿ ನೋಡ್ 12 (ಗಲ್ಪ್ ಓಡಲು ಬೇಕಾದ ತಂತ್ರಾಂಶ) ಹಾಕಿ ಬಿಲ್ಡ್ ಕೊಟ್ಟರೆ ಬಂದದ್ದು ಇದು: ‘ಪ್ರೈಮಾರ್ಡಿಯಲ್ಸ್ ಈಸ್ ನಾಟ್ ಡಿಫೈನ್ಡ್’. ಗಲ್ಪ್ 3ರ ಹೊಟ್ಟೆಯಲ್ಲಿದ್ದ ಗ್ರೇಸ್‌ಫುಲ್-ಎಫ್‌ಎಸ್ ಎಂಬ ಹಳೇ ಪ್ಯಾಕೇಜ್ ಹೊಸ ನೋಡ್‌ನಲ್ಲಿ ಓಡುವುದೇ ಇಲ್ಲ. ಇದು ಗೊತ್ತಾಗಲು ಎರಡು ರಾತ್ರಿ ಹೋಯಿತು. ಹಬ್ಬದ ಆಫರ್ ಬ್ಯಾನರ್ ಏರಿಸಬೇಕಿತ್ತು. ಯಜಮಾನರು ಫೋನ್ ಮೇಲೆ ಫೋನ್. ‘ಒಂದ್ ಫೋಟೋ ಹಾಕಾಕ ಮೂರು ದಿನ ಬೇಕೇನ್ರಿ ಸರ?’ ಏನು ಹೇಳಲಿ? ಕೊನೆಗೆ ನೋಡ್ 10ಕ್ಕೇ ಇಳಿದು ಕೆಲಸ ದಾಟಿಸಿದೆ. ಸಾಲ ತೀರಿಸಲು ಇನ್ನೊಂದು ಸಾಲ.

‘ಬಿಲ್ಡ್ ಟೂಲ್ ಬಳಕೆದಾರರ ಹತ್ತಿರ ಹೋಗುವುದೇ ಇಲ್ಲ, ಅದರ ಲೋಪದಿಂದ ಏನಾದೀತು’ ಎನ್ನುವವರಿದ್ದಾರೆ. ಮುಂಬಾಗಿಲಿಗೆ ಎರಡು ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಡುವ ಜನ ಇವರು. ಬಿಲ್ಡ್ ಓಡುವುದು ನಮ್ಮ ಪಾಸ್‌ವರ್ಡ್, ಟೋಕನ್ ಎಲ್ಲ ಇರುವ ಯಂತ್ರದಲ್ಲೇ ಅಲ್ವಾ? 2025ರ ಮಾರ್ಚ್‌ನಲ್ಲಿ ವೀಟ್ ಎಂಬ ಬಿಲ್ಡ್ ಟೂಲ್‌ನ ಡೆವ್ ಸರ್ವರ್‌ನಲ್ಲಿ (ಸೈಟನ್ನು ನಮ್ಮ ಯಂತ್ರದಲ್ಲೇ ಓಡಿಸಿ ನೋಡುವ ಸರ್ವರ್) ಒಂದು ತೂತು ಸಿಕ್ಕಿತು. ಮೊಬೈಲ್‌ನಲ್ಲಿ ನೋಡೋಣ ಎಂದು ಸರ್ವರನ್ನು ವೈಫೈಗೆ ತೆರೆದಿಟ್ಟಿದ್ದರೆ ಸಾಕು, ವಿಳಾಸದ ತುದಿಗೆ ಪ್ರಶ್ನೆ ಚಿಹ್ನೆಗಳನ್ನು ಅಂಟಿಸಿ ಪ್ರಾಜೆಕ್ಟ್ ಹೊರಗಿನ ಫೈಲನ್ನೂ ಓದಬಹುದಿತ್ತು. 2018ರಲ್ಲಿ ಈವೆಂಟ್-ಸ್ಟ್ರೀಮ್ ಎಂಬ ಪ್ಯಾಕೇಜ್‌ಗೆ ವಿಷ ಬೆರೆತ ಪ್ರಕರಣದಲ್ಲಿ ಕಳ್ಳ ಕೋಡ್ ಕೊಪೇ ಎಂಬ ಬಿಟ್‌ಕಾಯಿನ್ ವಾಲೆಟ್‌ಗೆ ನುಸುಳಿದ್ದು ಅದರ ಬಿಲ್ಡ್ ಆಗುವ ಹೊತ್ತಿನಲ್ಲೇ. ಇನ್ನೂ ‘ಬರೀ ಬಿಲ್ಡ್ ಟೂಲ್’ ಅಂತೀರಾ? ಅಪ್‌ಡೇಟ್ ಮಾಡಿ.

ವಿರೋಧ: ಸ್ವಲ್ಪ ತಾಳಿ

ಈ ಕಡೆಗೆ ಯಾರೂ ಸಿಗಲಿಲ್ಲವೆಂದು ನನ್ನನ್ನು ಕೇಳಿದರು. ನಾನು ಸೋಮವಾರ ಬಂತೆಂದರೆ ಅಪ್‌ಡೇಟ್ ಮಾಡುವವಳು, ಮೊದಲೇ ಹೇಳಿಬಿಡುತ್ತೇನೆ. ಆದರೂ ‘ಕೆಂಪಾದಾಗಲೆಲ್ಲ’ ಎಂಬುದು ಜಾಸ್ತಿಯಾಯಿತು.

ರಿಯಾಕ್ಟ್ ಪ್ರಾಜೆಕ್ಟ್ ಶುರು ಮಾಡಿಕೊಡುವ ಕ್ರಿಯೇಟ್ ರಿಯಾಕ್ಟ್ ಆಪ್ ಬಳಸಿದವರಿಗೆ ಎನ್‌ಟಿಎಚ್-ಚೆಕ್ ಎಂಬ ಪ್ಯಾಕೇಜ್ ನೆನಪಿರಬೇಕು. ಯಾವಾಗ ನೋಡಿದರೂ ‘ಹೈ’ (ಗಂಭೀರ) ಎಂದು ಕೆಂಪು. ಎಸ್‌ವಿಜಿ ಚಿತ್ರಗಳನ್ನು ಸಣ್ಣದು ಮಾಡುವ ಎಸ್‌ವಿಜಿಓಗೆ ಅದು ಮೊಮ್ಮಗ, ಅಂದರೆ ಎಸ್‌ವಿಜಿಓ ಬಳಸುವ ಪ್ಯಾಕೇಜ್ ಬಳಸುವ ಪ್ಯಾಕೇಜ್. ದಾಳಿ ಆಗಬೇಕಾದರೆ ನಮ್ಮ ಲೋಗೋದೊಳಗೆ ನಾವೇ ವಿಷ ಬೆರೆಸಿ, ನಮ್ಮ ಬಿಲ್ಡನ್ನು ನಾವೇ ನಿಲ್ಲಿಸಿಕೊಳ್ಳಬೇಕು. ಗಾಬರಿಯಿಂದ ‘ಆಡಿಟ್ ಫಿಕ್ಸ್ ಫೋರ್ಸ್’ (ಬಲವಂತವಾಗಿ ಸರಿಪಡಿಸು) ಎಂಬ ಆಜ್ಞೆ ಕೊಟ್ಟರೋ, ಅದು ಬಿಲ್ಡ್ ನಡೆಸುವ ರಿಯಾಕ್ಟ್-ಸ್ಕ್ರಿಪ್ಟ್ಸ್ ಪ್ಯಾಕೇಜನ್ನೇ ಹಳೇ ಆವೃತ್ತಿಗೆ ಇಳಿಸಲು ಹೊರಡುತ್ತಿತ್ತು.

ಹೊಸದೆಲ್ಲ ಒಳ್ಳೆಯದೂ ಅಲ್ಲ. 2025ರ ಸೆಪ್ಟೆಂಬರ್ 8ರಂದು ಚಾಕ್, ಡೀಬಗ್ ಸೇರಿ 18 ಪ್ಯಾಕೇಜ್‌ಗಳ ವಿಷದ ಆವೃತ್ತಿಗಳು ಎನ್‌ಪಿಎಂ ಏರಿದವು. ಅವುಗಳನ್ನು ನೋಡಿಕೊಳ್ಳುವವರಿಗೆ ಬಂದ ನಕಲಿ ಇಮೇಲ್‌ನಿಂದ ಇಷ್ಟೆಲ್ಲ. ಸುಮಾರು ಎರಡು ಗಂಟೆಯಲ್ಲಿ ತೆಗೆಯಲು ಶುರು ಮಾಡಿದರು. ಆ ಎರಡು ಗಂಟೆಯಲ್ಲಿ ಉತ್ಸಾಹದಿಂದ ಅಪ್‌ಡೇಟ್ ಒತ್ತಿದವರಿಗೆ ಅದು ಬಿಸಿಬಿಸಿ ಸಿಕ್ಕಿತು. ಹಳೇ ಲಾಕ್‌ಫೈಲ್ (ಯಾವ ಪ್ಯಾಕೇಜ್‌ನ ಯಾವ ಆವೃತ್ತಿ ಎಂಬ ಪಟ್ಟಿ) ಇಟ್ಟುಕೊಂಡು, ಅದರಲ್ಲಿದ್ದದ್ದನ್ನಷ್ಟೇ ತರುವ ‘ಎನ್‌ಪಿಎಂ ಸಿಐ’ ಓಡಿಸಿದವರಿಗೆ ಸಿಗಲಿಲ್ಲ. ಎಲ್ಲರೂ ಉದಾಹರಿಸುವ ಈವೆಂಟ್-ಸ್ಟ್ರೀಮ್ ವಿಷವೂ ಬಂದದ್ದು ಹೊಸ ಆವೃತ್ತಿಯ ಬೆನ್ನೇರಿಯೇ.

ವರ್ಷಗಟ್ಟಲೆ ಮುಟ್ಟದೆ ಬಿಟ್ಟವರ ಕಥೆ ಏನು ಎಂದು ಕೇಳಬೇಡಿ, ಅದು ಬೇರೆ ಮಾತು, ಇಲ್ಲಿ ಜಾಗವೂ ಇಲ್ಲ. ನನ್ನ ಸೋಮವಾರದ ಲೆಕ್ಕ ಮಾತ್ರ ಹೇಳುತ್ತೇನೆ: ಬಿಡುಗಡೆಯಾಗಿ ಒಂದು ವಾರ ಆಗದ ಪ್ಯಾಕೇಜ್ ಒಳಗೆ ಬರುವ ಹಾಗಿಲ್ಲ. ಎನ್‌ಪಿಎಂನಂಥದೇ ಇನ್ನೊಂದು ಸಾಧನ ಪಿಎನ್‌ಪಿಎಂನಲ್ಲಿ ಈಗ ಅದಕ್ಕೊಂದು ಸೆಟ್ಟಿಂಗೇ ಇದೆ.